ದೊಡ್ಡಕ್ಕನ ಖಾಲಿ ಕುರ್ಚಿಗಳು

ಯಜಮಾನರ ಪ್ರಕಾರ ಕೆಲಸ ಅಂದರೆ ಕಣ್ಣಿಗೆ ಕಾಣಬೇಕು. ಕಿವಿಗೂ ಕೇಳಿಸಿದರೆ ಇನ್ನೂ ಒಳ್ಳೆಯದು. ಮೊದಲು ಅವರು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದವರು. ಅಲ್ಲಿ ಯಂತ್ರದ ಸದ್ದು ನಿಂತರೆ ಯಾರೋ ಕೆಲಸಗಳ್ಳ ಹೊರಗೆ ಗಾಳಿ ಕುಡಿಯಲು ಹೋಗಿದ್ದಾನೆ ಅಂತಲೇ ಅರ್ಥ. ಪ್ರೆಸ್ ಮುಚ್ಚಿ ಅದೇ ಮಹಡಿಯಲ್ಲಿ ಸಾಫ್ಟ್‌ವೇರ್ ಕಂಪನಿ ತೆರೆದಾಗ ಅವರು ಮೊದಲು ಕಟ್ಟಿಸಿದ್ದು ಮೂಲೆಯಲ್ಲೊಂದು ಗಾಜಿನ ಕೋಣೆ. ಅಲ್ಲಿ ಕೂತರೆ ಎಲ್ಲರ ತಲೆಯೂ ಕಾಣುತ್ತಿತ್ತು. ಯಾವ ತಲೆ ಕಂಪ್ಯೂಟರಿನ ಕಡೆಗಿದೆ, ಯಾವುದು ಕಿಟಕಿಯ ಕಡೆಗಿದೆ ಎಂದು ನೋಡುತ್ತಾ ಅವರು ನೆಮ್ಮದಿಯಾಗಿದ್ದರು.

ಆ ತಲೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ದೊಡ್ಡಕ್ಕ. ಹುಟ್ಟಿದ ಮನೆಯಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. ಆಫೀಸಿನಲ್ಲಿ ಮಾತ್ರ ದೊಡ್ಡಕ್ಕ. ಪ್ರೆಸ್ಸಿನ ಕಾಲದಲ್ಲಿ ಕರಡು ತಿದ್ದಲು ಸೇರಿದವಳು. ತಪ್ಪು ಹುಡುಕುವ ಕಣ್ಣು ಚುರುಕಾಗಿದ್ದರಿಂದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಟೆಸ್ಟರ್ ಆದಳು, ಆಮೇಲೆ ಇಡೀ ತಂಡದ ಮ್ಯಾನೇಜರ್ ಆದಳು. ನಾಲಿಗೆ ಸ್ವಲ್ಪ ಖಾರ. ಆದರೆ ತಾನು ಬೈದವರನ್ನೇ ಕರೆದು ಕೂರಿಸಿಕೊಂಡು ಕೆಲಸ ಹೇಳಿಕೊಡುವ ಹೆಂಗಸು.

ಕಂಪನಿ ಹಲ್ಲಿನ ಡಾಕ್ಟರುಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು: ಯಾವ ರೋಗಿ ಯಾವಾಗ ಬರಬೇಕು, ಬರದಿದ್ದರೆ ಯಾರನ್ನು ಕರೆಯಬೇಕು, ಇಂಥದ್ದು. ಊರಿನ ತುಂಬ ಕ್ಲಿನಿಕ್ಕುಗಳಿದ್ದ ಡಾಕ್ಟರಮ್ಮನೊಬ್ಬರು ‘ಮಾಡಿ ತೋರಿಸಿ, ಹಿಡಿಸಿದರೆ ನನ್ನ ಎಲ್ಲ ಕ್ಲಿನಿಕ್ಕಿಗೂ ಹಾಕಿಸ್ತೀನಿ’ ಅಂದಿದ್ದರು. ಸರಿಯಾಗಿ ಅದೇ ಹೊತ್ತಿಗೆ ಎದುರು ಬೀದಿಯ ದೊಡ್ಡ ಕಂಪನಿ ಇವರ ಇಬ್ಬರು ಡೆವಲಪರ್‌ಗಳನ್ನು ಎತ್ತಿಕೊಂಡು ಹೋಯಿತು. ಖಾಲಿಯಾದ ಕುರ್ಚಿಗಳಿಗೆ ಜನ ಸಿಗಲಿಲ್ಲ. ಸಂದರ್ಶನಕ್ಕೆ ಬಂದವರು ಕಿರಿದಾದ ಮೆಟ್ಟಿಲು ನೋಡಿ, ಲಿಫ್ಟ್ ಇಲ್ಲವೇ ಎಂದು ಕೇಳಿ, ಹೋದವರು ಹೋದರೇ.

ಬೇರೆ ಊರಿನಲ್ಲಿರುವವರನ್ನು ತೆಗೆದುಕೊಳ್ಳೋಣ, ಅವರವರ ಮನೆಯಿಂದಲೇ ಕೆಲಸ ಮಾಡಲಿ ಎಂದಳು ದೊಡ್ಡಕ್ಕ. ಯಜಮಾನರು ಹೌಹಾರಿದರು. ಮುಖ ಕಾಣದವರಿಗೆ ಸಂಬಳ ಕೊಡುವುದೇ? ಅವರು ಕೆಲಸ ಮಾಡುತ್ತಾರೋ, ಕಾಲು ಚಾಚಿ ಮಲಗುತ್ತಾರೋ, ನೋಡಿದವರು ಯಾರು?

ದೊಡ್ಡಕ್ಕ ಅಂದು ಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದಳು. ದೊಡ್ಡಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರು.

“ನನ್ನ ಮಗ ಬೆಳಗ್ಗೆ ಬಸ್ ತಗೊಂಡು ಹೋದ್ರೆ ಸಂಜೆಗೇ ಬರೋದು,” ಎಂದರು ಅತ್ತೆ. “ಡಿಪೋ ಸಾಹೇಬ್ರು ಪಕ್ಕದ ಸೀಟಲ್ಲಿ ಕೂತ್ಕೊಂಡು ಹೋಗ್ತಾರೇನೆ? ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ ಅಂತ ತಾನೇ ನೋಡೋದು?”

ಮರುದಿನ ದೊಡ್ಡಕ್ಕ ಅದನ್ನು ತನ್ನದೇ ಮಾತು ಎಂಬಂತೆ ಯಜಮಾನರ ಮುಂದಿಟ್ಟಳು. ಅವರು ತಲೆ ಕೆರೆದುಕೊಂಡು, ಒಂದು ಷರತ್ತು ಹಾಕಿ ಒಪ್ಪಿದರು. ಡಾಕ್ಟರಮ್ಮನಿಗೆ ಕೆಲಸ ಹಿಡಿಸದಿದ್ದರೆ ದೊಡ್ಡಕ್ಕ ಮತ್ತೆ ಟೆಸ್ಟರ್ ಕುರ್ಚಿಗೆ, ಹೊಸದಾಗಿ ಸೇರುವ ಇಬ್ಬರೂ ಮನೆಗೆ. ‘ಅವರು ಮನೇಲೇ ಇರ್ತಾರಲ್ಲ ಸರ್’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡಕ್ಕ ನುಂಗಿಕೊಂಡಳು.

ಯಜಮಾನರು ಜನರನ್ನು ಆರಿಸುತ್ತಿದ್ದದ್ದು ಕೈ ಕುಲುಕಿ, ಬೂಟು ನೋಡಿ. ದೊಡ್ಡಕ್ಕ ಬೇರೆ ದಾರಿ ಹಿಡಿದಳು. ಅರ್ಜಿ ಹಾಕಿದವರಿಗೆಲ್ಲ ಒಂದು ಸಣ್ಣ ಕೆಲಸ ಕೊಟ್ಟಳು. ಅದರಲ್ಲಿ ಬೇಕಾದ ಒಂದು ವಿವರವನ್ನು ಬೇಕೆಂದೇ ಬಿಟ್ಟಿದ್ದಳು. ಏನೂ ಕೇಳದೆ ತಾವೇ ಊಹಿಸಿ ಮಾಡಿ ಕಳಿಸಿದವರನ್ನು, ಎಷ್ಟೇ ಚಂದ ಮಾಡಿದ್ದರೂ, ಪಕ್ಕಕ್ಕಿಟ್ಟಳು. ಎದುರಿಗೆ ಕೂತವರು ಗಲಿಬಿಲಿಗೊಂಡರೆ ಮುಖದಲ್ಲೇ ಗೊತ್ತಾಗುತ್ತದೆ. ದೂರ ಕೂತವರು ಬಾಯಿಬಿಟ್ಟು ಕೇಳದಿದ್ದರೆ ಹೇಗೆ ಗೊತ್ತಾಗಬೇಕು?

ಹೀಗೆ ಸಿಕ್ಕವರು ಇಬ್ಬರು. ಒಬ್ಬಳು ಪ್ರಶ್ನೆ ಕೇಳಿ ಕೇಳಿ ದೊಡ್ಡಕ್ಕನ ಜೀವ ಹಿಂಡಿದವಳು. ವಿಡಿಯೊ ಕಾಲಿನಲ್ಲಿ ಅವಳ ಕಿಟಕಿಯ ಗುಬ್ಬಿಗಳ ಗಲಾಟೆ ಸದಾ ಕೇಳುತ್ತಿದ್ದುದರಿಂದ ಅವಳಿಗೆ ಗುಬ್ಬಿ ಎಂದೇ ಹೆಸರಾಯಿತು. ಇನ್ನೊಬ್ಬ ಕ್ಯಾಮೆರಾ ಹಾಕದ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂತಿದ್ದ ಮೌನಿ. ಅವನು ಕೇಳಿದ್ದು ಒಂದೇ ಪ್ರಶ್ನೆ, ಕೇಳಬೇಕಾಗಿದ್ದದ್ದನ್ನೇ ಕೇಳಿದ್ದ. ಗುಬ್ಬಿ ಬೇರೆ ಕಡೆ ಇದ್ದ ಭದ್ರವಾದ ಕೆಲಸ ಬಿಟ್ಟು ಬಂದಿದ್ದಳು. ‘ನಿಮ್ಮ ಮಾತಿನ ಮೇಲೆ ಬಿಟ್ಟೆ ಅಕ್ಕ’ ಎಂದು ಅವಳು ಅಂದದ್ದು ದೊಡ್ಡಕ್ಕನ ಎದೆಯ ಮೇಲೆ ಕಲ್ಲಿನಂತೆ ಕೂತಿತು.

ಕಲ್ಲು ಭಾರವಾಗುವ ದಿನವೂ ಬಂತು. ಆಫೀಸಿನ ಹಳೆಯ ಹುಲಿ, ಗಡ್ಡದ ಡೆವಲಪರ್, ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಯಜಮಾನರ ಜೊತೆ ಒಂದು ತೀರ್ಮಾನ ಮಾಡಿಬಿಟ್ಟ: ರೋಗಿ ಬರುವುದಿಲ್ಲ ಎಂದರೆ ಆ ಸಮಯ ತಕ್ಷಣ ಸಾಲಿನಲ್ಲಿರುವ ಮುಂದಿನವರಿಗೆ ಹೋಗಬೇಕು. ಗುಬ್ಬಿಗೆ ಯಾರೂ ಹೇಳಲಿಲ್ಲ. ಅವಳು ತನಗೆ ತಿಳಿದಂತೆ ಬೇರೆಯೇ ಮಾಡಿಟ್ಟಳು. ಎರಡನ್ನೂ ಜೋಡಿಸಿದಾಗ ಸಾಫ್ಟ್‌ವೇರ್ ಅಡ್ಡಡ್ಡ ಮಲಗಿತು. ‘ಅಲ್ಲೆಲ್ಲೋ ಕೂತವರಿಗೆ ಇಲ್ಲಿನದ್ದು ಹೇಗೆ ಗೊತ್ತಾಗುತ್ತೆ’ ಎಂದು ಗಡ್ಡದವನು ಮೂಗು ಮುರಿದ. ಅಲ್ಲ ಮಾರಾಯ, ಹೇಳದೆ ಹೇಗೆ ಗೊತ್ತಾಗಬೇಕು? ಅವಳೇನು ಕನಸು ಕಾಣಬೇಕಿತ್ತೇ?

ದೊಡ್ಡಕ್ಕ ಬಾಯಿ ಮಾಡಲಿಲ್ಲ. ಒಂದೇ ಒಂದು ನಿಯಮ ತಂದಳು. ಟೀ ಕುಡಿಯುತ್ತಾ ಏನೇ ತೀರ್ಮಾನವಾಗಲಿ, ಲೋಟ ತೊಳೆಯುವ ಮೊದಲು ಎಲ್ಲರಿಗೂ ಬರೆದು ಕಳಿಸಬೇಕು. ಕಳಿಸದವರ ಲೋಟ ಸಿಂಕಿನಲ್ಲೇ ಇರಲಿ, ಎಲ್ಲರೂ ನೋಡಲಿ. ಗಡ್ಡದವನ ಲೋಟ ಕೆಲವು ದಿನ ಕರೆಗಟ್ಟಿ ಕೂತಿತ್ತು. ಯಜಮಾನರದ್ದೂ ಬಿದ್ದಿತ್ತು, ದೊಡ್ಡಕ್ಕ ಅದನ್ನೂ ಮುಟ್ಟಗೊಡಲಿಲ್ಲ. ಕೊನೆಗೆ ಗಡ್ಡದವನು ಗೊಣಗುತ್ತಲೇ ಬರೆಯತೊಡಗಿದ. ಬರೆದದ್ದಕ್ಕೆ ಗುಬ್ಬಿಯಿಂದ ಪ್ರಶ್ನೆ ಬರುತ್ತಿತ್ತು, ಪ್ರಶ್ನೆಗೆ ಉತ್ತರ ಹುಡುಕುವಾಗ ಅವನ ಗೊಣಗಾಟ ನಿಲ್ಲುತ್ತಿತ್ತು. ಕೆಲಸ ಸರಾಗವಾಗಿ ಸಾಗಿತು.

ಡಾಕ್ಟರಮ್ಮ ಬಂದು ನೋಡುವ ದಿನ ದೊಡ್ಡಕ್ಕ ಒಳಗೆ ಕಾಲಿಟ್ಟವಳೇ ಕಕ್ಕಾಬಿಕ್ಕಿಯಾದಳು. ಖಾಲಿ ಕುರ್ಚಿಗಳಲ್ಲಿ ಜನ! ಒಂದರಲ್ಲಿ ಯಜಮಾನರ ಭಾವಮೈದ, ಕರ್ಟನ್ ಅಂಗಡಿ ಇಟ್ಟವನು, ಕುತ್ತಿಗೆಗೆ ಟೈ ಬಿಗಿದುಕೊಂಡು. ಇನ್ನೊಂದರಲ್ಲಿ ಅವನ ಹೆಂಡತಿ. ಆಕೆಯ ಕೈಚೀಲ ಕೀಬೋರ್ಡಿನ ಮೇಲೆ ಕೂತು ಕಂಪ್ಯೂಟರಿನ ತುಂಬ ಒಂದೇ ಅಕ್ಷರ ಓಡುತ್ತಿತ್ತು. ಯಜಮಾನರು ದೊಡ್ಡಕ್ಕನನ್ನು ಗಾಜಿನ ಕೋಣೆಗೆ ಎಳೆದುಕೊಂಡು ಹೋದರು. ಕುರ್ಚಿ ಖಾಲಿ ಕಂಡರೆ ಡಾಕ್ಟರಮ್ಮ ಕಂಪನಿ ಮುಳುಗಿದೆ ಅಂದುಕೊಳ್ಳುತ್ತಾರೆ, ಇವರಿಬ್ಬರೂ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ, ನಿಮ್ಮ ಗಂಟೇನು ಹೋಗುತ್ತದೆ ಎಂದು ಪಿಸುಗುಟ್ಟಿದರು. ದೊಡ್ಡಕ್ಕ ಜಾಡಿಸಬೇಕೆನ್ನುವಷ್ಟರಲ್ಲಿ ಡಾಕ್ಟರಮ್ಮ ಬಾಗಿಲಲ್ಲಿದ್ದರು.

ಕೂತವರ ಮೇಲೆ ಬಗ್ಗಿ ನೋಡುವುದು ಡಾಕ್ಟರಮ್ಮನ ವೃತ್ತಿಯ ಅಭ್ಯಾಸ. ಅವರು ಸೀದಾ ಹೋಗಿ, ಪಟಪಟ ಟೈಪು ಮಾಡುತ್ತಿದ್ದ ಭಾವಮೈದನ ಹಿಂದೆಯೇ ನಿಂತರು. ಮೊದಲೇ ಕಳಿಸಿದ್ದ ಮಾದರಿಯಲ್ಲಿ ರೋಗಿ ತಪ್ಪಿಸಿಕೊಂಡರೆ ಆ ಸಮಯ ಮುಂದಿನವರಿಗೆ ಹೋಗುವ ಮುಂಚೆ ಸ್ವಲ್ಪ ಕಾಯುತ್ತದಲ್ಲ, ಅದು ಯಾಕೆ ಎಂದು ಕೇಳಿದರು. ಭಾವಮೈದನ ಮುಖದಲ್ಲಿ ಬೆವರೊಡೆಯಿತು. ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿದ ಮಾತೇ ಬಾಯಿಗೆ ಬಂತು.

“ಅದು... ಬಟ್ಟೆ ನೋಡಿ ಹೇಳಬೇಕಾಗುತ್ತೆ ಮೇಡಂ.”

ಯಜಮಾನರ ಕಣ್ಣು ದೊಡ್ಡಕ್ಕನನ್ನು ಅಂಗಲಾಚುತ್ತಿತ್ತು. ಹೊಸಬರು, ಈಗಷ್ಟೇ ಸೇರಿದ್ದಾರೆ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನಿಜ ಹೇಳಿ ಡಾಕ್ಟರಮ್ಮ ಎದ್ದು ಹೋದರೆ ಗುಬ್ಬಿಯ ಕೆಲಸ ಹೋಯಿತು, ಮೌನಿಯದ್ದೂ ಹೋಯಿತು. ಸುಳ್ಳು ಹೇಳಿದರೆ ಅವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದೆಲ್ಲ ಈ ಟೈ ಮನುಷ್ಯನ ಹೆಸರಿಗೆ ಹೋಗುತ್ತದೆ. ದೊಡ್ಡಕ್ಕ ಸೀದಾ ಡಾಕ್ಟರಮ್ಮನ ಎದುರು ಬಂದು ನಿಂತಳು.

“ಡಾಕ್ಟ್ರೇ, ಇವರು ನಮ್ಮ ಯಜಮಾನರ ಭಾವಮೈದ. ಕರ್ಟನ್ ಅಂಗಡಿ ಇದೆ, ಒಳ್ಳೇ ಮನುಷ್ಯರು. ಇಲ್ಲಿ ಕೆಲಸ ಮಾಡಲ್ಲ,” ಎಂದಳು. “ನೀವು ಕೇಳಿದ್ದನ್ನ ಮಾಡಿದವಳು ಬೇರೆ ಊರಲ್ಲಿ, ಅವಳ ಮನೇಲಿ ಇದ್ದಾಳೆ. ಕರೀಲಾ?”

ಡಾಕ್ಟರಮ್ಮ ಭಾವಮೈದನನ್ನು ನೋಡಿದರು, ಟೈ ನೋಡಿದರು, ಯಜಮಾನರನ್ನು ನೋಡಿದರು. ನಗಲಿಲ್ಲ. “ಕರೀರಿ,” ಎಂದರು.

ಗೋಡೆಯ ದೊಡ್ಡ ಪರದೆಯಲ್ಲಿ ಗುಬ್ಬಿ ಕಾಣಿಸಿಕೊಂಡಳು. ಮುಂದಿನವರು ಬಸ್ಸಲ್ಲಿರಬಹುದು, ಕೆಲಸದಲ್ಲಿರಬಹುದು, ಆದ್ದರಿಂದ ಮೊದಲು ಅವರನ್ನು ಕೇಳಿ, ಉತ್ತರಕ್ಕೆ ಸ್ವಲ್ಪ ಕಾದು, ಆಮೇಲೆ ಇನ್ನೊಬ್ಬರ ಹತ್ತಿರ ಹೋಗುತ್ತದೆ ಎಂದು ವಿವರಿಸಿದಳು. ಅದು ಆಫೀಸಿನಲ್ಲಿರುವ ಗಡ್ಡದ ಅಣ್ಣನ ಜೊತೆ ಸೇರಿ ಮಾಡಿದ್ದು ಎಂದೂ ಹೇಳಿದಳು. ಗಡ್ಡದವನು ಹಿಂದಿನಿಂದ ಮುಂದೆ ಬಂದ. ತಾನು ಹೇಳಿದ್ದು ತಪ್ಪಾಗಿತ್ತು, ಇವಳ ಪ್ರಶ್ನೆಯಿಂದ ಸರಿಯಾಯಿತು ಎಂದು ಎಲ್ಲರ ಎದುರೇ ಹೇಳಿದ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ರಿಸೆಪ್ಷನಿಸ್ಟ್ ದಿನವೂ ಪಡುವ ಪಾಡುಗಳನ್ನೆಲ್ಲ ಒಂದೊಂದಾಗಿ ಎಸೆದರು. ಗುಬ್ಬಿ ಹಿಡಿದಳು, ಅವಳ ಕೈ ತಪ್ಪಿದ್ದನ್ನು ಮೌನಿ ಹಿಡಿದ. ಹೌದು, ಮೌನಿಯೇ, ಕ್ಯಾಮೆರಾ ಹಾಕಿಕೊಂಡು! ಅವನಿಗೂ ಒಂದು ಗಡ್ಡವಿದೆ ಎಂದು ದೊಡ್ಡಕ್ಕನಿಗೆ ಅಂದೇ ತಿಳಿದದ್ದು.

ಡಾಕ್ಟರಮ್ಮ ಯಜಮಾನರ ಕಡೆ ತಿರುಗಿದರು. “ಇಷ್ಟು ಒಳ್ಳೆಯವರನ್ನ ಇಟ್ಕೊಂಡು ಯಾಕ್ರೀ ಬಚ್ಚಿಟ್ರಿ? ನಾನೂ ಒಂದು ಕ್ಲಿನಿಕ್ಕಲ್ಲಿ ಕೂತಿರ್ತೀನಿ, ಉಳಿದವು ನನ್ನ ಕಣ್ಣಿಗೆ ಬೀಳುತ್ತವಾ? ನಂಬಿ ನಡೆಸಲ್ವಾ?”

ಎಲ್ಲ ಕ್ಲಿನಿಕ್ಕಿಗೂ ಹಾಕಿ ಎಂದರು. ಆದರೆ ಈ ಇಬ್ಬರು ಕೆಲಸದಲ್ಲಿ ಇರುವವರೆಗೆ ಮಾತ್ರ ಎಂದು ಒತ್ತಿ ಹೇಳಿ ಮೆಟ್ಟಿಲಿಳಿದರು. ಆಫೀಸಿಗೆ ಆಫೀಸೇ ಹೋ ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಭಾವಮೈದ. ಪಾಪ, ಟೈ ಬಿಚ್ಚಲು ಅವನಿಗೆ ಅಪ್ಪಣೆ ಸಿಕ್ಕಿತ್ತು.

ಯಜಮಾನರು ಮಾತ್ರ ಪರದೆಯ ಮುಂದೆ ನಿಂತೇ ಇದ್ದರು. ಅಷ್ಟು ದಿನದಲ್ಲಿ ಅವರು ಆ ಇಬ್ಬರ ಜೊತೆ ಒಂದು ಮಾತೂ ಆಡಿದವರಲ್ಲ. ಕೈಯನ್ನು ಹಿಂದೆ ಕಟ್ಟಿದರು, ಬಿಟ್ಟರು, ಮತ್ತೆ ಕಟ್ಟಿದರು.

“ಊಟ ಆಯ್ತೇನಮ್ಮ?” ಎಂದು ಕೇಳಿದರು ಕೊನೆಗೆ.

ಇನ್ನೂ ಇಲ್ಲ, ಏನಾಗುತ್ತದೋ ಎಂದು ಹಸಿವೇ ಆಗಿರಲಿಲ್ಲ ಎಂದಳು ಗುಬ್ಬಿ. ಮೌನಿಯೂ ಇಲ್ಲವೆಂದು ತಲೆಯಾಡಿಸಿದ.

“ಹೋಗಿ, ಇಬ್ಬರೂ ನೆಮ್ಮದಿಯಾಗಿ ಊಟ ಮಾಡಿ,” ಎಂದರು ಯಜಮಾನರು. “ನಾನು ನೋಡ್ತಾ ಕೂರಲ್ಲ.”

ಗುಬ್ಬಿ ನಗಲು ಹೋಗಿ ಅತ್ತುಬಿಟ್ಟಳು. ದೊಡ್ಡಕ್ಕನ ಕಣ್ಣೂ ತುಂಬಿ ಬಂತು, ಅವಳು ಅದನ್ನು ಯಾರಿಂದಲೂ ಮರೆಮಾಚಲಿಲ್ಲ.