ಹೆದೆ ಬಿಚ್ಚದ ಬಿಲ್ಲು

ಬಿಲ್ಲಜ್ಜನ ಎಡ ಮುಂಗೈಯ ಒಳಬದಿಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಬಿಲ್ಲಿನ ಹೆದೆ ಬಡಿದು ಬಡಿದು ಅಲ್ಲಿನ ಚರ್ಮ ಎಮ್ಮೆಯ ಮೊಣಕಾಲಿನ ಹಾಗೆ ದಪ್ಪಗೆ, ಕಪ್ಪಗೆ ಗಟ್ಟಿಯಾಗಿತ್ತು. ಅವರು ಮೊದಲ ಸಲ ನಮ್ಮ ಶಾಲೆಗೆ ಬಂದ ದಿನ ಮಕ್ಕಳು ಅದನ್ನು ಮುಟ್ಟಿ ನೋಡಲು ಸಾಲು ನಿಂತಿದ್ದರು. ಅವರು ಮೆಟ್ಟಿಲ ಮೇಲೆ ಕೈ ಚಾಚಿ ಕುಳಿತು ಒಬ್ಬೊಬ್ಬರಿಗೂ ಮುಟ್ಟಲು ಬಿಟ್ಟರು. ಕೊನೆಗೆ ನನ್ನ ಕಡೆ ತಿರುಗಿ, "ಟೀಚರಮ್ಮ, ನೀವೂ ಮುಟ್ಟಿ. ಕಚ್ಚಲ್ಲ," ಅಂದರು.

ಹುದಿಕೇರಿಯಿಂದಾಚೆ, ಕಾಫಿ ತೋಟಗಳು ಮುಗಿದು ಕಾಡು ಶುರುವಾಗುವ ಕಡೆ ನಮ್ಮ ವಸತಿ ಶಾಲೆ. ನಾನು ಅಲ್ಲಿ ಆಟದ ಟೀಚರು. ನಮ್ಮದು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರಕ್ಕೆ ಬಂದು ನೆಲೆಸಿದ ಬೇಸಾಯದ ಮನೆ. ಕಾಡಾಗಲಿ ಬಿಲ್ಲಾಗಲಿ ನನಗೆ ಗೊತ್ತಿರಲಿಲ್ಲ. ನನ್ನದು ಗುತ್ತಿಗೆಯ ಕೆಲಸ. ಪ್ರತಿ ವರ್ಷ ಶಾಲೆ ಮುಚ್ಚುವಾಗ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎನ್ನುವುದು ಮೇಲಿನವರ ಸಹಿಯ ಮೇಲೆ ನಿಂತಿರುತ್ತಿತ್ತು. ಇದನ್ನು ಈಗಲೇ ಹೇಳುತ್ತಿದ್ದೇನೆ, ಆಮೇಲೆ ನೆಪದ ಹಾಗೆ ಕೇಳಿಸಬಾರದು.

ಮಕ್ಕಳಲ್ಲಿ ಹೆಚ್ಚಿನವರು ಕಾಡಂಚಿನ ಜನರ ಹಾಡಿಗಳಿಂದಲೂ ಎಸ್ಟೇಟಿನ ಕೂಲಿ ಲೈನುಗಳಿಂದಲೂ ಬಂದವರು. ಅವರಿಗೆ ಬಿಲ್ಲುವಿದ್ಯೆ ಕಲಿಸಿದರೆ ಶಾಲೆಗೆ ಹೆಸರು ಬರುತ್ತದೆಂದು ಹೆಡ್‌ಮಾಸ್ಟರಿಗೆ ಹೊಳೆಯಿತು. ಕಲಿಸುವವರನ್ನು ಹುಡುಕಿಕೊಂಡು ನಾನು ಎರಡು ಮೈಲಿ ಆಚೆಯ ಬೆಟ್ಟಕುರುಬರ ಹಾಡಿಗೆ ಹೋದೆ. ಅಲ್ಲಿ ಸಿಕ್ಕವರೇ ಬಿಲ್ಲಜ್ಜ. ಆ ಹೆಸರು ಮಕ್ಕಳು ಇಟ್ಟದ್ದು. ಆಮೇಲೆ ನಾವೆಲ್ಲರೂ ಹಾಗೆಯೇ ಕರೆದೆವು.

ಅವರು ಬಿಲ್ಲು ಮಾಡುವುದನ್ನು ನೋಡಲು ತಾಳ್ಮೆ ಬೇಕಿತ್ತು. ಬಿಸಿಲಿಗೆ ಬೆಳೆದ, ಬಲಿತ ಬಿದಿರೇ ಆಗಬೇಕು. ಮಳೆಗಾಲ ಕಳೆದು, ಬಿದಿರಿನ ಒಳಗಿನ ನೀರು ಇಳಿದ ಮೇಲೆ ಕಡಿಯಬೇಕು. ಕಡಿದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದಿಡೀ ವರ್ಷ ಹೊಗೆಗೆ ಇಡಬೇಕು. ಇಲ್ಲದಿದ್ದರೆ ಹುಳ ಹೊಡೆದು ಒಳಗೊಳಗೇ ಹಿಟ್ಟಾಗುತ್ತದೆ. ಆಮೇಲೆ ಸೀಳಿ, ಕತ್ತಿಯಿಂದ ಹೆರೆದು, ಬೆಂಕಿಗೆ ಕಾಯಿಸಿ, ಎಣ್ಣೆ ಸವರಿ, ಮತ್ತೆ ಹೆರೆದು, ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಕೆನ್ನೆಗೆ ಯಾಕೆ ಅಂದರೆ, "ಕೈಯಿ ಗಟ್ಟಿಯಾಗೋಗ್ಯದೆ, ಅದ್ಕೆ ಏನೂ ಗೊತ್ತಾಗಲ್ಲ. ಕೆನ್ನೆಗೆ ಗೊತ್ತಾಯ್ತದೆ," ಅನ್ನುತ್ತಿದ್ದರು. ಮರದ ನಾರನ್ನು ತೊಡೆಯ ಮೇಲೆ ಹೊಸೆದು ಹೆದೆ ಮಾಡುತ್ತಿದ್ದರು. ಹೋಂಸ್ಟೇಯವರು ಗೋಡೆಗೆ ತೂಗುಹಾಕಲು ಕೊಳ್ಳುತ್ತಿದ್ದ, ವಾರ್ನಿಷ್ ಬಳಿದ ಬಿಲ್ಲುಗಳಿಗೆ ಅವರು 'ಫೋಟೋ ಬಿಲ್ಲು' ಅನ್ನುತ್ತಿದ್ದರು. ಅವುಗಳನ್ನು ಹಸಿ ಬಿದಿರಿನಲ್ಲೇ ಮಾಡಿ ಕೊಟ್ಟು, "ಎಳೀಬ್ಯಾಡಿ, ನೋಡ್ಕಳಿ," ಎಂದು ನಗುತ್ತಿದ್ದರು.

ಒಳ್ಳೆಯ ಬಿದಿರು ಆಗಲೇ ಅಪರೂಪವಾಗಿತ್ತು. ಕೆಲವು ವರ್ಷಗಳ ಹಿಂದೆ ಕಾಡಿನ ಬಿದಿರೆಲ್ಲ ಒಟ್ಟಿಗೇ ಹೂಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೇ ಒಣಗಿ ಸತ್ತಿತ್ತು. ಹೊಸದಾಗಿ ಎದ್ದ ಬಿದಿರು ಇನ್ನೂ ಬೆರಳು ದಪ್ಪ. ಸಾಯುವುದಕ್ಕೆ ಮೊದಲು ಕಡಿದು ಅಟ್ಟಕ್ಕೆ ಸೇರಿಸಿದ್ದ ಹತ್ತು ಹನ್ನೆರಡು ಗಳುಗಳಷ್ಟೇ ಬಿಲ್ಲಜ್ಜನ ಆಸ್ತಿ. ಅದರಲ್ಲಿ ಆರನ್ನು ನಮ್ಮ ಮಕ್ಕಳ ಬಿಲ್ಲಿಗೆ ಖರ್ಚು ಮಾಡಿದರು. ಯಾಕೆ ಇಷ್ಟೊಂದು ಕೊಟ್ಟಿರಿ ಎಂದು ನಾನು ಕೇಳಲಿಲ್ಲ. ಕೊಟ್ಟರು, ತೆಗೆದುಕೊಂಡೆವು.

ಒಂದು ಬಿಲ್ಲು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಒಮ್ಮೆ ಕೇಳಿದೆ. ಸಾಮಾನಿನ ಪಟ್ಟಿಯಲ್ಲಿ ಅದನ್ನೂ ಬರೆಯಬೇಕಿತ್ತು.

"ಇದ್ಕೆ ವರ್ಸ ಎಣಿಸ್ಬಾರ್ದು ಟೀಚರಮ್ಮ," ಅಂದರು. "ಕೆಲ್ಸ ಆದ್ಮೇಲೆ ಹೆದೆ ಬಿಚ್ಚಿ ಮಲಗ್ಸಿದ್ರೆ ಹತ್ತು ವರ್ಸಾನೂ ಬತ್ತದೆ. ನಮ್ಮಪ್ಪಂದು ನನ್ ಮದ್ವೆ ಆಗೋಗಂಟ ಇತ್ತು. ಹೆದೆ ಕಟ್ದಂಗೇ ಬಿಟ್ರೆ ಒಂದು ಮಳೆಗಾಲ ಸಾಕು. ನೋಡೋಕೆ ಬಿಲ್ಲಿನಂಗೇ ಇರ್ತದೆ. ಒಳಗೆ ಜೀವ ಇರಲ್ಲ."

ಹಾಗಾಗಿ ಆಟ ಮುಗಿದ ಕೂಡಲೇ ಮೈದಾನದಲ್ಲಿ ಅವರದು ಒಂದೇ ಕೂಗು: "ಹೆದೆ ಬಿಚ್ಚಿ!" ಬಾಣವಿಲ್ಲದೆ ಹೆದೆ ಎಳೆದು ಬಿಟ್ಟ ಮಗುವಿಗೆ ಬೈಗುಳ ಖಂಡಿತ. ಒಂದು ಸಂಜೆ ಹಾಡಿಯ ಕಡೆ ಹೊರಟವರು ಅರ್ಧ ದಾರಿಯಿಂದ ಮಳೆಯಲ್ಲಿ ತೊಯ್ದುಕೊಂಡು ವಾಪಸು ಬಂದರು. ಏನೋ ಅನಾಹುತ ಆಗಿದೆಯೆಂದು ನಾನು ಹೆದರಿದೆ. ಆರರಲ್ಲಿ ಒಂದು ಬಿಲ್ಲಿನ ಹೆದೆ ಬಿಚ್ಚಿರಲಿಲ್ಲವೆಂಬುದು ದಾರಿಯಲ್ಲಿ ನೆನಪಾಗಿತ್ತಂತೆ. ಕೋಣೆಯ ಬೀಗ ತೆಗೆಸಿ, ಬಿಚ್ಚಿ, ಒರೆಸಿ ಇಟ್ಟು, ಒಂದು ಲೋಟ ಕಾಫಿಯನ್ನೂ ಕುಡಿಯದೆ ಹೋದರು.

ಅವರು ಹೆದೆ ಬಿಚ್ಚಲಾಗದೆ ಉಳಿದದ್ದು ಒಂದೇ ಬಿಲ್ಲು. ಅದು ಅವರು ಶಾಲೆಗೆ ಮೊದಲು ತಂದ ದೊಡ್ಡ ಬಿಲ್ಲು, ಅವರದೇ ಸ್ವಂತದ್ದು. ಹೆಡ್‌ಮಾಸ್ಟರು ಅದನ್ನು ಕೇಳಿ ತೆಗೆದುಕೊಂಡು ತಮ್ಮ ಕೋಣೆಯ ಗೋಡೆಗೆ, ಕಿಟಕಿಯ ಎದುರಿಗೆ ತೂಗುಹಾಕಿದ್ದರು. ಹೆದೆ ಬಿಚ್ಚಿದರೆ ಬರೀ ಕೋಲಿನ ಹಾಗೆ ಕಾಣುತ್ತದೆಂದು ಬಿಚ್ಚಲು ಬಿಡಲಿಲ್ಲ. ಎರಡು ಬೇಸಿಗೆ ಅದರ ಮೇಲೆ ಬಿಸಿಲು ಬಿತ್ತು. ಒಂದು ದಿನ ಬಿಲ್ಲಜ್ಜ ನನ್ನ ಮುಂದೆಯೇ ಅದನ್ನು ಇಳಿಸಿ, ಉಗುರಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರು. ಹಿಡಿಯ ಮೇಲ್ಗಡೆ ಒಂದು ಜಾಗದಲ್ಲಿ ನಿಂತರು. ಕೂದಲೆಳೆಯಷ್ಟು ಸಣ್ಣ ಗೆರೆ.

"ಇದು ಸತ್ತೋಗ್ಯದೆ. ಗೋಡೇಲೇ ಇರ್ಲಿ. ಯಾರ ಕೈಗೂ ಕೊಡ್ಬ್ಯಾಡಿ, ಟೀಚರಮ್ಮ. ನಿಮಗೆ ಹೇಳಿವ್ನಿ."

ಆಗಲಿ ಅಂದೆ. ಹೆಡ್‌ಮಾಸ್ಟರಿಗೆ ತಿಳಿಸಬೇಕು ಅಂದುಕೊಂಡೆ. ತಿಳಿಸಲಿಲ್ಲ.

ಆ ವರ್ಷದ ಮಾಗಿಯಲ್ಲಿ ಮಡಿಕೇರಿಯಿಂದ ಒಬ್ಬ ಮೇಲಧಿಕಾರಿ ನಮ್ಮ ಶಾಲೆ ನೋಡಲು ಬರುವವರಿದ್ದರು. ಬಿಲ್ಲುವಿದ್ಯೆ ಮುಂದುವರಿಯಬೇಕೋ ಬೇಡವೋ, ಅದರ ಜೊತೆಗೆ ನಾನು ಮುಂದುವರಿಯಬೇಕೋ ಬೇಡವೋ ಎನ್ನುವುದು ಆ ಭೇಟಿಯಲ್ಲೇ ತೀರ್ಮಾನವಾಗಬೇಕಿತ್ತು. ಬರಬೇಕಾದ್ದು ಮುಂದಿನ ವಾರ. ಬಂದದ್ದು ಎಂಟು ದಿನ ಮುಂಚೆ. ಮಕ್ಕಳ ಆರೂ ಬಿಲ್ಲುಗಳು ಎಣ್ಣೆ ಹಾಕಿ ಹೊಸ ಹೆದೆ ಕಟ್ಟಲೆಂದು ಬಿಲ್ಲಜ್ಜನ ಹಾಡಿಯಲ್ಲಿದ್ದವು. ಹೆಡ್‌ಮಾಸ್ಟರು ಜೀಪು ಕಳಿಸಿದರು. ಡ್ರೈವರ್ ಅಜ್ಜನನ್ನು ಮಾತ್ರ ಕೂರಿಸಿಕೊಂಡು ಬಂದ. ಬಿಲ್ಲು ತರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ಟರು ಗೋಡೆಯ ಬಿಲ್ಲನ್ನು ಇಳಿಸಿ ತಂದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಕೈಗೆ ಕೊಟ್ಟಾಗಿತ್ತು. ಮಾಕುಟ್ಟದ ಕಡೆಯ ಹಾಡಿಯವಳು, ನಮ್ಮ ಮಕ್ಕಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುವವಳು. ಮೈದಾನದ ಸುತ್ತ ಇಡೀ ಶಾಲೆ ನಿಂತಿತ್ತು. ಬಿಲ್ಲಜ್ಜ ಜೀಪಿನಿಂದ ಇಳಿದು, ಅವಳ ಕೈಯಲ್ಲಿದ್ದದ್ದನ್ನು ನೋಡಿ, ಸೀದಾ ನನ್ನ ಹತ್ತಿರ ಬಂದರು.

"ಟೀಚರಮ್ಮ, ನಿಮಗೆ ಹೇಳಿದ್ನಲ್ಲ."

ಕುರ್ಚಿಯಲ್ಲಿ ಕುಳಿತ ಅಧಿಕಾರಿ ಗಡಿಯಾರ ನೋಡಿಕೊಂಡರು. ನಾನು ದನಿ ತಗ್ಗಿಸಿ, "ಒಂದೇ ಒಂದು ಬಾಣ ಅಜ್ಜ. ಅರ್ಧ ಎಳೆದರೆ ಸಾಕು," ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮತ್ತೆ ಹುಡುಗಿಯನ್ನು ನೋಡಿದರು. ಆಮೇಲೆ ಹೋಗಿ ಅವಳ ಕೈಯಿಂದ ಬಿಲ್ಲು ತೆಗೆದುಕೊಂಡು, "ನೀ ಆ ಕಡೆ ಹೋಗು ಮಗ. ಇವತ್ತು ನಾನು ಹೊಡೀತೀನಿ," ಅಂದರು. ಅವಳಿಗೆ ಬೇಸರವಾಯಿತು. ಮುಖ ಊದಿಸಿಕೊಂಡು ಪಕ್ಕಕ್ಕೆ ಹೋದಳು.

ಬಾಣ ಹೂಡಿ, ಅರ್ಧಕ್ಕಿಂತ ಕಡಿಮೆ ಎಳೆದು ನಿಂತರು. ಅಧಿಕಾರಿಯ ಜೊತೆ ಬಂದಿದ್ದವರೊಬ್ಬರು ಮೊಬೈಲ್ ಎತ್ತಿ ಹಿಡಿದು, "ಪೂರ್ತಿ ಎಳೀರಿ ಅಜ್ಜ, ಫೋಟೋದಲ್ಲಿ ಚೆನ್ನಾಗಿ ಬರಲಿ," ಅಂದರು. ಬಿಲ್ಲಜ್ಜ ಅಲುಗಾಡಲಿಲ್ಲ. ಅವರು ಆ ಮನುಷ್ಯನ ಮಾತಿಗೆ ಎಳೆಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆಗ ನಾನು ಹೇಳಿದೆ: "ಇನ್ನೊಂದು ಚೂರು, ಅಜ್ಜ."

ಎಳೆದರು.

ಒಣ ಕೊಂಬೆ ಮುರಿದಷ್ಟೇ ಸದ್ದು. ಬಿಲ್ಲಿನ ಮೇಲರ್ಧ ಹಿಂದಕ್ಕೆ ಸಿಡಿದು ಅವರ ಮುಖಕ್ಕೆ ಹೊಡೆಯಿತು. ಅವರು ಕೂಗಲಿಲ್ಲ. ನಿಂತಲ್ಲೇ ಕುಳಿತು, ಎರಡು ಕೈಯಿಂದಲೂ ಬಲಗಣ್ಣು ಮುಚ್ಚಿಕೊಂಡರು. ಬೆರಳ ಸಂದಿಯಿಂದ ರಕ್ತ ಇಳಿದು ಆ ಕಪ್ಪು ಮುಂಗೈ ಮೇಲೆ ಹರಿಯಿತು. "ಮಕ್ಳನ್ನ ಒಳೀಕ್ ಕಳ್ಸಿ," ಅಂದರು. ಅಷ್ಟೇ.

ಗೋಣಿಕೊಪ್ಪಲಿಗೆ ಕರೆದುಕೊಂಡು ಹೋದೆವು, ಅಲ್ಲಿಂದ ಮೈಸೂರಿಗೆ. ಬಿದಿರಿನ ಸಿಬಿರು ಆಳಕ್ಕೆ ಹೋಗಿತ್ತು. ಕಣ್ಣು ಉಳಿಯಲಿಲ್ಲ.

ಏನಾಯಿತೆಂದು ಬರೆದು ಕಳಿಸಲು ಮೇಲಿನಿಂದ ಕಾಗದ ಬಂತು. ವರದಿ ಬರೆದದ್ದು ನಾನು. ಹೆಡ್‌ಮಾಸ್ಟರು ಹೀಗೆ ಬರೆಯಿರಿ ಎಂದು ಹೇಳಿದ್ದು ನಿಜ, ಆದರೆ ಪೆನ್ನು ನನ್ನ ಕೈಯಲ್ಲಿತ್ತು. 'ಬಿಲ್ಲುಗಾರರು ತಮ್ಮ ಅಜಾಗರೂಕತೆಯಿಂದ ಹಳೆಯ ಬಿಲ್ಲನ್ನು ಬಳಸಿದ್ದರಿಂದ ಈ ಘಟನೆ ಸಂಭವಿಸಿದೆ' ಎಂದು ಬರೆದೆ. ಅದಕ್ಕೆ ಬಿಲ್ಲಜ್ಜನದೂ ಒಪ್ಪಿಗೆ ಬೇಕಿತ್ತು. ಮೈಸೂರಿನ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಅವರಿಗೆ ಅದನ್ನು ಓದಿದೆ. ಆ ಸಾಲು ಬಂದಾಗ ನನ್ನ ದನಿ ತಾನಾಗಿ ಇಳಿಯಿತು.

"ಅದೊಂದು ಇನ್ನೊಂದ್ಸಲ ಹೇಳಿ," ಅಂದರು.

ಓದಿದೆ.

ಅವರ ಹೆಂಡತಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು, ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತಿದ್ದರು. ಬಿಲ್ಲಜ್ಜ ಬ್ಯಾಂಡೇಜು ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ, "ಇಂಗ್ ಬರದ್ರೆ ನಿಮ್ ಕೆಲ್ಸ ಉಳೀತದಾ?" ಎಂದು ಕೇಳಿದರು.

"ಉಳಿಯಬಹುದು ಅಜ್ಜ," ಅಂದೆ.

ಅವರು ಹೆಬ್ಬೆಟ್ಟು ಚಾಚಿದರು. ಇಂಕಿನ ಪ್ಯಾಡನ್ನು ನಾನು ಬ್ಯಾಗಿನಲ್ಲಿ ತೆಗೆದುಕೊಂಡೇ ಹೋಗಿದ್ದೆ.

ಕೆಲಸ ಉಳಿಯಿತು. ಬಿಲ್ಲುವಿದ್ಯೆ ನಿಂತಿತು. ಅಪಾಯದ ಆಟ ಆಡಿಸಬಾರದು, ಹೊರಗಿನವರನ್ನು ಸೇರಿಸಬಾರದು ಎಂದು ಆದೇಶ ಬಂತು. ಇನ್ನು ಬರಬೇಡಿ ಎಂದು ಬಿಲ್ಲಜ್ಜನಿಗೆ ಹೇಳಿ ಬರಲು ಹೆಡ್‌ಮಾಸ್ಟರು ಡ್ರೈವರನ್ನೇ ಕಳಿಸಿದರು. ಅಜಾಗರೂಕ ಮನುಷ್ಯ ಎಂಬ ಮಾತು ಶಾಲೆಯಿಂದ ತೋಟಗಳಿಗೂ ಹೋಯಿತು. ಕಿತ್ತಳೆ ಹಣ್ಣಾದಾಗ ಮಂಗ ಓಡಿಸಲು ಪ್ರತಿ ವರ್ಷ ಅವರನ್ನು ಕರೆಸುತ್ತಿದ್ದ ಎಸ್ಟೇಟಿನ ಲೆಕ್ಕದ ರೈಟರು ಆ ವರ್ಷ ಬೇರೆ ಯಾರನ್ನೋ ಕರೆಸಿದರು. ಅಟ್ಟದ ಮೇಲೆ ಉಳಿದಿದ್ದ ಬಿದಿರನ್ನು ಸೀಳಲು ಕುಳಿತರೆ ಒಂದೇ ಕಣ್ಣಿಗೆ ಕತ್ತಿಯ ದೂರ ಸಿಗುತ್ತಿರಲಿಲ್ಲ. ಎಡಗೈಯ ತೋರುಬೆರಳಿಗೆ ಎರಡು ಸಲ ಏಟು ಬಿತ್ತು. ಮೂರನೆಯ ಸಲ ಅಜ್ಜಿ ಕತ್ತಿಯನ್ನೇ ಬಚ್ಚಿಟ್ಟರು. ವರ್ಷ ಕಳೆಯುವುದರೊಳಗೆ ಉಳಿದ ಕಣ್ಣಿಗೂ ಮಂಜು ಕವಿಯಿತು.

ನಾನು ಎರಡು ಸಲ ನೋಡಲು ಹೋದೆ. ಬ್ರೆಡ್ಡು, ಚಹಾಪುಡಿ, ಬಾಳೆಹಣ್ಣು ಕೊಂಡುಹೋಗಿದ್ದೆ. ಎರಡು ಸಲವೂ ತಪ್ಪು ನನ್ನದೆಂದು ಹೇಳಬೇಕೆಂದೇ ಹೋದವಳು ಮಳೆಯ ವಿಷಯ, ಆನೆಯ ವಿಷಯ ಮಾತಾಡಿ ಎದ್ದು ಬಂದೆ. ಎರಡನೆಯ ಸಲ ಅವರು ಆ ಹುಡುಗಿಯ ಬಗ್ಗೆ ಕೇಳಿದರು.

"ಆ ಮಗ ಈಗ್ಲೂ ಗುರಿ ಹೊಡೀತಾಳಾ?"

"ಹೊಡೀತಾಳೆ ಅಜ್ಜ. ಚೆನ್ನಾಗಿ ಹೊಡೀತಾಳೆ."

"ಅವ್ಳ ಕಣ್ಣೆಲ್ಲ ಸರೀಗವೆ ತಾನೆ. ಸಾಕು ಬುಡಿ," ಅಂದರು.

ಅವಳು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಎಸ್ಟೇಟಿಗೆ ಕಾಫಿ ಪಿಕ್ಕಿಂಗಿಗೆ ಹೋಗುತ್ತಿದ್ದಳು. ಬಿಲ್ಲು ಮುಟ್ಟಿ ಎರಡು ವರ್ಷವಾಗಿತ್ತು. ಆ ಸುಳ್ಳನ್ನು ನಾನು ಅವರ ಸಮಾಧಾನಕ್ಕೆ ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ಈಗ ನಂಬುವುದಿಲ್ಲ.

ಹೋದ ಮಾಗಿಯಲ್ಲಿ ಜ್ವರ, ಕೆಮ್ಮು ಹಿಡಿದು ಒಂಬತ್ತು ದಿನಕ್ಕೆ ತೀರಿಕೊಂಡರು. ಕಣ್ಣಿನಿಂದ ಸಾಯಲಿಲ್ಲ, ನಿಜ. ಆದರೆ ಹೊರಗೆ ಹೋಗುವ ಕೆಲಸವಿಲ್ಲದೆ, ಕೈಗೂ ಕೆಲಸವಿಲ್ಲದೆ ಗುಡಿಸಲ ಮುಂದೆ ಕುಳಿತು ಕುಳಿತು ಅವರು ಅರ್ಧವಾಗಿದ್ದರು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಇನ್ನೊಂದು ವರದಿ ಬರೆದೆ. ಬಿಲ್ಲು ಸತ್ತಿದೆಯೆಂದು ಅವರು ನನಗೆ ಹೇಳಿದ್ದರು, ಆದರೂ ಎಳೆಯಿರಿ ಅಂದವಳು ನಾನು, ಮಗುವಿನ ಕೈಯಿಂದ ಅದನ್ನು ತೆಗೆದುಕೊಂಡು ಅವರೇ ಎಳೆದರು, ಮೊದಲ ವರದಿಯಲ್ಲಿ ನಾನು ಬರೆದದ್ದು ಸುಳ್ಳು. ಇಷ್ಟೇ, ಒಂದು ಪುಟ. ಅದನ್ನು ಆಮೇಲೆ ಕಚೇರಿಗೆ ಕೊಟ್ಟೆ. ಸೀಲು ಹಾಕಿ ತೆಗೆದುಕೊಂಡರು. ಇಲ್ಲಿಯವರೆಗೆ ಯಾರೂ ನನ್ನನ್ನು ಏನೂ ಕೇಳಿಲ್ಲ. ನಾನು ಈಗಲೂ ಅದೇ ಮೈದಾನದಲ್ಲಿ ಮಕ್ಕಳಿಗೆ ಖೋ ಖೋ ಆಡಿಸುತ್ತೇನೆ.

ಕಚೇರಿಗೆ ಕೊಡುವ ಮೊದಲು ಅದನ್ನು ಹಾಡಿಗೆ ತೆಗೆದುಕೊಂಡು ಹೋಗಿದ್ದೆ. ಅಜ್ಜಿ ಬಾಗಿಲ ಮುಂದೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಎದುರಿಗೆ ಕುಳಿತು, ಓದುತ್ತೇನೆ ಅಂದೆ. ಅವರು ಮೊರ ಕೆಳಗಿಟ್ಟರು. ಈ ಸಲ ಎಲ್ಲಿಯೂ ದನಿ ತಗ್ಗಿಸದೆ ಓದಿದೆ. ಮುಗಿದ ಮೇಲೆ ಅಜ್ಜಿ ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಅವರು ಎರಡನ್ನೂ ಮಾಡಲಿಲ್ಲ. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಇದ್ನ ಅವ್ರು ಇದ್ದಾಗ ಓದ್ಬೇಕಾಗಿತ್ತು ಟೀಚರಮ್ಮ," ಅಂದರು. "ಕಣ್ಣು ಓಗಿತ್ತು ಅಷ್ಟೇಯ. ಕಿವಿ ಕಡೇಗಂಟ ಸಂದಾಗಿ ಕೇಳ್ತಿತ್ತು."