ಹಾಲಿನಮ್ಮ ತಪ್ಪು ಒಪ್ಪಿಕೊಂಡ ದಿನ

ಮೊನ್ನೆ ಮೊಮ್ಮಗಳು ಗಾಂಧಿ ಬಜಾರಿನಿಂದ ಬೇವಿನ ಸೋಪು ತಂದಳು. ಹಸಿರು ಬಣ್ಣದ್ದು, ಚರ್ಮಕ್ಕೆ ಒಳ್ಳೆಯದಂತೆ. ಮೂಸಿ ನೋಡಿದೆ. ಬೇವಿಗೆ ಯಾರೋ ಸೆಂಟು ಹಚ್ಚಿ ಮದುವೆಗೆ ಕಳಿಸಿದ ಹಾಗಿತ್ತು. ಆದರೂ ಆ ಘಮದ ಅಡಿಯಲ್ಲಿ ಅಸಲು ಬೇವಿನ ಕಹಿ ಚೂರು ಉಳಿದಿತ್ತು. ಅಷ್ಟಕ್ಕೇ ಹಾಲಿನಮ್ಮ ನೆನಪಾದರು...

ಆಗ ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ನಮ್ಮ ಹಿತ್ತಿಲಿಗೆ ತಾಗಿಕೊಂಡೇ ಹಾಲಿನಮ್ಮನ ಕೊಟ್ಟಿಗೆ, ಅದರಲ್ಲಿ ಎರಡು ಎಮ್ಮೆ. ಹಾಲು ಮಾರಿ ಬದುಕುತ್ತಿದ್ದರು, ನಿಜ. ಆದರೆ ಅವರ ಮರ್ಯಾದೆ ಇದ್ದದ್ದು ಬೇರೆ ಕಡೆ. ಬೀದಿಯಲ್ಲಿ ಯಾವ ಮಗುವಿನ ಮೈಮೇಲೆ ಗುಳ್ಳೆ ಎದ್ದರೂ ಮೊದಲು ಅವರಿಗೇ ಹೇಳಿ ಕಳಿಸುತ್ತಿದ್ದರು. ಸಿಡುಬು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನಬೇಕು. ಹಾಲಿನಮ್ಮ ನೋಡಿ ಅಮ್ಮ ಎಂದರೆ ಮುಗಿಯಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಮನೆಯಲ್ಲಿ ಒಗ್ಗರಣೆ ಹಾಕಬಾರದು, ಮಗುವಿಗೆ ಸ್ನಾನವಿಲ್ಲ, ತಲೆಗೆ ಬಾಚಣಿಗೆ ಮುಟ್ಟಿಸುವಂತಿಲ್ಲ, ಔಷಧಿಯ ಮಾತಂತೂ ಎತ್ತುವಂತಿಲ್ಲ.

ಆ ಬೇಸಿಗೆಯಲ್ಲಿ ನನ್ನ ಐದು ವರ್ಷದ ಮಗಳಿಗೆ ಜ್ವರ ಬಂತು. ಎರಡು ದಿನ ಕೆಂಡದಂತೆ ಸುಟ್ಟು, ಮೂರನೆಯ ದಿನ ಕೈಕಾಲಿನ ಮೇಲೆ ಕೆಂಪು ಚುಕ್ಕೆ ಎದ್ದವು. ಹಾಲಿನಮ್ಮ ಬಂದರು, ನೋಡಿದರು, ಅಮ್ಮ ಎಂದರು. ನಮ್ಮತ್ತೆ ತಕ್ಷಣ ಒಲೆಯ ಮೇಲಿದ್ದ ಒಗ್ಗರಣೆ ಸೌಟು ಇಳಿಸಿದರು.

ಮತ್ತೆ ಮೂರು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಮಗು ಕಣ್ಣು ಬಿಡುವುದೂ ಕಡಿಮೆಯಾಯಿತು. ನಾನು ಬಾಯಿ ಮುಚ್ಚಿಕೊಂಡು ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಾ ಕೂತಿದ್ದೆ. ಹಾಲಿನಮ್ಮ ದಿನಾ ಬಂದು ಚುಕ್ಕೆಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಇಷ್ಟು ಹೊತ್ತಿಗೆ ಗುಳ್ಳೆಯಲ್ಲಿ ನೀರು ತುಂಬಬೇಕಿತ್ತು, ತುಂಬಿರಲಿಲ್ಲ. ಅಂಗಾಲಿನಲ್ಲೂ ಚುಕ್ಕೆ ಇದ್ದವು. ನಮ್ಮತ್ತೆ ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಅವರು ಗಂಟುಗಟ್ಟಿದ್ದ ಮಗುವಿನ ಕೂದಲನ್ನು ಬಿಡಿಸತೊಡಗಿದರು. ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಕಪ್ಪು ಹಕ್ಕಳೆ ಕಟ್ಟಿದ, ಉದ್ದಿನ ಕಾಳಿನಷ್ಟು ಗಾಯವಿತ್ತು. ದಿನಾ ತಲೆ ಬಾಚಿದ್ದರೆ ಎಂದೋ ನನ್ನ ಕೈಗೆ ಸಿಗುತ್ತಿತ್ತು.

"ಇದು ಅಮ್ಮ ಅಲ್ಲ ಮಾರಾಯ್ತಿ, ಉಣುಗು ಕಚ್ಚಿರೋದು. ನನ್ ಕೊಟ್ಟಿಗೇಲೇ ಹತ್ತಿರ್ಬೇಕು. ನಾನು ತಪ್ಪು ಹೇಳ್ಬಿಟ್ಟೆ. ಏಳು, ಶಿವಮೊಗ್ಗಕ್ಕೆ ಹೋಗಣ."

ಎಮ್ಮೆಯ ಮೈಯಿಂದ ದಿನಾ ಉಣುಗು ಕೀಳುತ್ತಿದ್ದ ಕೈ ಅದು, ಆ ಗಾಯ ಅವರಿಗೆ ತಿಳಿಯದೆ ಇರಲಿಲ್ಲ. ಕಾಡಿನ ಕಡೆ ಮಂಗಗಳು ಸಾಯುತ್ತಿವೆ, ಉಣುಗು ಕಚ್ಚಿ ಜನರಿಗೂ ಜ್ವರ ಬರುತ್ತಿದೆ ಎಂಬ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ನಾನು ಎದ್ದೆ. ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತರು. ಅಮ್ಮನನ್ನು ಹೊಸಿಲು ದಾಟಿಸಿದರೆ ಮಗುವಿನ ಕಣ್ಣು ಹೋಗುತ್ತದೆ ಎಂದರು. ಯಜಮಾನರು ಪಾಳಿಯಲ್ಲಿದ್ದರು. ಹಾಲಿನಮ್ಮ ವಾದ ಮಾಡಲಿಲ್ಲ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಹೋದರೆ ನನ್ನ ಕಣ್ಣು ಹೋಗಲಿ ಎಂದು ಹಿತ್ತಿಲ ಬಾಗಿಲಿನಿಂದ ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ.

ಚುಕ್ಕೆ ಕಂಡರೆ ಕಂಡಕ್ಟರು ಬಸ್ಸಿಗೆ ಹತ್ತಿಸುವುದಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಮಗು ಅವರ ಸೆರಗಿನೊಳಗೇ ಇತ್ತು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ನಾನು ಗಳಿಗೆಗೊಮ್ಮೆ ಸೆರಗು ಎತ್ತಿ ನೋಡುತ್ತಿದ್ದೆ.

ದುರ್ಗಿಗುಡಿ ಹತ್ತಿರ ಒಬ್ಬ ಮಕ್ಕಳ ಡಾಕ್ಟರಿದ್ದರು. ಇಂಥ ಜ್ವರಗಳ ವಿಷಯ ಚೆನ್ನಾಗಿ ಓದಿಕೊಂಡವರು ಎಂದು ಹಾಲಿನಮ್ಮ ತಾವು ಹಾಲು ಹಾಕುತ್ತಿದ್ದ ಇಂಜಿನಿಯರ ಮನೆಯಲ್ಲಿ ಕೇಳಿದ್ದರಂತೆ. ಡಾಕ್ಟರು ಭೂತಗನ್ನಡಿ ಹಿಡಿದು ಕಿವಿಯ ಹಿಂದೆ ನೋಡಿದರು, ಅಂಗೈ ಅಂಗಾಲು ನೋಡಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ, ಓದುಬರಹ ಬರುವುದಿಲ್ಲವೇ ಎಂದು ನನ್ನ ಮೇಲೆ ರೇಗಿದರು. ಎಸ್ಸೆಸ್ಸೆಲ್ಸಿ ಓದಿದವಳು ನಾನು, ತಲೆ ತಗ್ಗಿಸಿದೆ.

"ಅವ್ಳಿಗೆ ಬೈಬೇಡಿ ಡಾಕ್ಟ್ರೇ. ಅಮ್ಮ ಅಂತ ಹೇಳಿ ಕೂರಿಸ್ದೋಳು ನಾನು."

ಡಾಕ್ಟರು ಅವರನ್ನೊಮ್ಮೆ ನೋಡಿದರು. ಆಮೇಲೆ ಅವರ ದನಿ ಇಳಿಯಿತು. ಇದು ಮಂಗನ ಕಾಯಿಲೆಯಲ್ಲ, ಉಣುಗಿನಿಂದಲೇ ಬರುವ ಇನ್ನೊಂದು ಜ್ವರ, ಇದಕ್ಕೆ ಔಷಧಿ ಇದೆ ಎಂದರು. ಇನ್ನೆರಡು ದಿನ ತಡ ಮಾಡಿದ್ದರೆ... ಎಂದು ಮಾತು ನಿಲ್ಲಿಸಿದರು. ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ, ಮೂರು ಹೊತ್ತು ನೆಕ್ಕಿಸಿದೆವು. ಮೂರನೆಯ ದಿನ ಮಗು ಎದ್ದು ಕೂತು ಹಪ್ಪಳ ಕೇಳಿತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಹಾಲಿನಮ್ಮನಿಗೆ ಮಾತ್ರ ಒಳ್ಳೆಯದಾಗಲಿಲ್ಲ. ಮಗು ಬದುಕಿದ್ದು ತಾನು ಹೊತ್ತ ಹರಕೆಯಿಂದ ಎಂದು ನಮ್ಮತ್ತೆ ಬೀದಿಗೆಲ್ಲ ಹೇಳಿದರು. ಉಣುಗಿನ ಕಡಿತಕ್ಕೂ ಅಮ್ಮನಿಗೂ ವ್ಯತ್ಯಾಸ ತಿಳಿಯದವಳು ಎಂಬ ಮಾತು ಹಬ್ಬಿತು. ವ್ಯತ್ಯಾಸ ಕಂಡುಹಿಡಿದವರೂ ಅವರೇ ಎಂಬುದು ಯಾರಿಗೂ ಬೇಕಿರಲಿಲ್ಲ. ಗುಳ್ಳೆ ಎದ್ದ ಮನೆಗಳಿಗೆ ಅವರನ್ನು ಕರೆಯುವುದು ನಿಂತೇಹೋಯಿತು.

ಎರಡು ವರ್ಷದ ಮೇಲೆ ನನ್ನ ಮಗನಿಗೆ ನಿಜವಾಗಿಯೂ ಅಮ್ಮ ಬಂತು. ನಮ್ಮತ್ತೆ ಬೇರೆ ಬೀದಿಯ ಹೆಂಗಸನ್ನು ಕರೆಸಿದರು. ಬೆಳಿಗ್ಗೆ ಹಾಲು ಹಾಕಲು ಬಂದ ಹಾಲಿನಮ್ಮ ಬಾಗಿಲಿಗೆ ಕಟ್ಟಿದ್ದ ಸೊಪ್ಪು ನೋಡಿದರು, ಒಳಗಿನಿಂದ ಬರುತ್ತಿದ್ದ ಆ ಹೆಂಗಸಿನ ದನಿಯೂ ಅವರಿಗೆ ಕೇಳಿಸಿತು. ಹಾಲು ಅಳೆದು ಹುಯ್ದು, ಮೆಲ್ಲಗೆ ಕೇಳಿದರು.

"ನೀರು ತುಂಬ್ತಾ?"

ಹೂಂ ಎಂದೆ. ಹಾಗಾದರೆ ಹೆದರಬೇಡ ಎಂದರು. ಹೊಸಿಲಿನ ಆಚೆ ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು ಪಾತ್ರೆ ಹಿಡಿದುಕೊಂಡು ಒಳಗೆ ಬಂದೆ.

ಆಮೇಲೆ ನಾವು ಶಿವಮೊಗ್ಗಕ್ಕೆ ಬಂದುಬಿಟ್ಟೆವು. ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವರ್ಷ ಕಳೆದ ಮೇಲೆ, ಒಂದು ಮದುವೆ ಮನೆಯಲ್ಲಿ. ಊಟದ ಎಲೆಯ ಮುಂದೆ ಕೂತಿದ್ದೆ, ಪಂಕ್ತಿಯ ನಡುವೆ ಏಳುವಂತಿರಲಿಲ್ಲ.

ಇದನ್ನೆಲ್ಲ ಮೊನ್ನೆ ಮಗಳಿಗೆ ಮೊದಲ ಸಲ ಪೂರ್ತಿ ಹೇಳಿದೆ. ಅವಳಿಗೂ ಈಗ ತಲೆ ನೆರೆತಿದೆ. ಕೇಳಿಸಿಕೊಂಡು, ಅವತ್ತು ಹಾಲಿನಮ್ಮನನ್ನು ಒಳಗೆ ಕರೆದಿದ್ದರೆ ಅಜ್ಜಿ ನಿನ್ನನ್ನು ಏನು ಮಾಡುತ್ತಿದ್ದರು ಎಂದು ಕೇಳಿದಳು. ಯೋಚಿಸಿ ನೋಡಿದೆ.

ಎರಡು ದಿನ ಮಾತು ಬಿಡುತ್ತಿದ್ದರು, ಅಷ್ಟೇ ಎಂದೆ.