ಅಳಿಯನಿಗೆ ಕೊಟ್ಟ ಕಂಪನಿ

ಸಿಡ್ನಿಯ ಟೂಂಗಾಬಿ ಬಡಾವಣೆಯ ಕೃಷ್ಣಪ್ಪ ಪೂಜಾರಿಯವರ ಗ್ಯಾರೇಜಿನಲ್ಲಿ ಕಾರು ನಿಂತಿದ್ದನ್ನು ನಾನಂತೂ ನೋಡಿಲ್ಲ. ಕಾರು ಬೀದಿಯಲ್ಲಿ ಒಣಗುತ್ತಿತ್ತು, ಗ್ಯಾರೇಜಿನಲ್ಲಿ ಮೋಡೆಮ್‌ಗಳು ಫ್ಯಾನಿನ ಗಾಳಿ ತಿನ್ನುತ್ತಿದ್ದವು. ಎರಡು ಸಾವಿರದ ಇಸವಿ. ಇಂಟರ್ನೆಟ್ ಬೇಕಾದವರು ಮನೆಯ ಫೋನಿನಿಂದ ಆ ಗ್ಯಾರೇಜಿಗೆ ಡಯಲ್ ಮಾಡಬೇಕಿತ್ತು. ಉಡುಪಿ ಕಡೆಯ ಈ ಮನುಷ್ಯ ಅದಕ್ಕೆ ಕಡಲ್‌ನೆಟ್ ಎಂದು ಹೆಸರಿಟ್ಟಿದ್ದರು. ಪಕ್ಕದ ಗಿರಾವೀನ್‌ನಲ್ಲಿದ್ದ ನಾನು ಅವರ ಮೊದಮೊದಲ ಗಿರಾಕಿಗಳಲ್ಲಿ ಒಬ್ಬಳು.

ಹೆಸರು ಅಪ್ಪನದು, ದುಡಿಮೆ ಮಗಳದು. ಶ್ರದ್ಧಾ ಆಗ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಕ್ಲಾಸು ಮುಗಿಸಿ ಬಂದವಳೇ ಗ್ಯಾರೇಜಿನಲ್ಲಿ ಕೂತು ಗಿರಾಕಿಗಳ ಫೋನ್ ಎತ್ತುತ್ತಿದ್ದಳು. ಲೈನ್ ಕೆಟ್ಟಿತೆಂದು ಕೂಗಾಡುವ ಮುದುಕರನ್ನು ಮೊದಲು ಅವರ ನಾಯಿಯ ಕ್ಷೇಮ ವಿಚಾರಿಸಿ ತಣ್ಣಗೆ ಮಾಡುವಳು. ಆಮೇಲೆ ಮೋಡೆಮ್‌ನ ವೈರ್ ತೆಗೆದು ಮತ್ತೆ ಹಾಕಲು ಹೇಳುವಳು. ಕೊನೆಗೆ ಕೇಳುವುದು ಒಂದೇ ಮಾತು: “ದೀಪ ಹಸಿರಾಯ್ತಾ?” ಹಸಿರಾಗುವ ತನಕ ಫೋನ್ ಇಡುವವಳಲ್ಲ. ಗಿರಾಕಿ ಹಿಡಿಯುವುದರಲ್ಲಿ ಎತ್ತಿದ ಕೈಯಾದ ಕೃಷ್ಣಪ್ಪನವರು ಮಾತ್ರ ಒಂದು ವೈರನ್ನೂ ಮುಟ್ಟಿದವರಲ್ಲ.

ಬ್ರಾಡ್‌ಬ್ಯಾಂಡ್ ಬಂದಾಗ ಇಂಥ ಪುಟ್ಟ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪ ಹೆದರಿದರು, ಮಗಳು ಹೆದರಲಿಲ್ಲ. ಹಳೆಯ ಗಿರಾಕಿಗಳಿಗೆ ತಾನೇ ಫೋನ್ ಮಾಡಿ, ಗದರಿಸಿ, ನಗಿಸಿ, ಹೊಸ ಲೈನಿಗೆ ದಾಟಿಸಿದಳು. ಅವರು ತಮ್ಮ ಮಕ್ಕಳನ್ನೂ ನೆರೆಯವರನ್ನೂ ಕರೆತಂದರು. ಕಡಲ್‌ನೆಟ್ ಬೆಳೆಯಿತು. ಮೆಲ್ಬರ್ನ್‌ನಲ್ಲಿ ಶಾಖೆ ತೆರೆದು, ಕೃಷ್ಣಪ್ಪನವರು ಅಲ್ಲಿ ಓದು ಮುಗಿಸಿದ್ದ ತಮ್ಮ ಅಕ್ಕನ ಮಗ ಭುವನ್‌ಗೆ ಒಪ್ಪಿಸಿದರು. ಸಿಡ್ನಿಯಲ್ಲಿ ನಾರ್ವೆಸ್ಟ್‌ನ ಗಾಜಿನ ಕಟ್ಟಡಕ್ಕೆ ಆಫೀಸು ಹೋಯಿತು.

ಆ ಆಫೀಸಿನ ಪೂಜೆಗೆ ನನ್ನನ್ನೂ ಕರೆದಿದ್ದರು. ಶ್ರದ್ಧಾ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕೃಷ್ಣಪ್ಪನವರು ಭುವನ್‌ನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ, “ಇನ್ನು ಕಂಪನಿ ಇವನದ್ದು. ಎಲ್ಲ ಇವನ ಹೆಸರಿಗೆ ಮಾಡಿ ಆಯ್ತು” ಎಂದರು. ಶ್ರದ್ಧಾಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತಟ್ಟೆ ಕೈಯಲ್ಲೇ ಇತ್ತು. ಭುವನ್‌ಗೆ ಆರತಿ ಎತ್ತಿದಳು.

ನನಗೆ ತಡೆಯಲಾಗಲಿಲ್ಲ. ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. “ನಿಮ್ಮ ಮಗಳು ಏನು ತಪ್ಪು ಮಾಡಿದ್ಲು?”

“ತಪ್ಪು ಎಂತದ್ದೂ ಇಲ್ಲ ಅನುಸೂಯಮ್ಮ. ನಮ್ಮದು ಅಳಿಯಕಟ್ಟು. ಅಕ್ಕನ ಮಗ ಇರುವಾಗ ಮಗಳಿಗೆ ಕೊಡುವ ಕ್ರಮ ಇಲ್ಲ ಮಾರಾಯ್ರೆ.”

ಸೋದರಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಎನ್ನುವ ಆ ಕಟ್ಟು ಊರಿನ ಕಾನೂನಿನಲ್ಲೇ ಎಂದೋ ಮುಗಿದಿತ್ತು. ಅದನ್ನು ಸಮುದ್ರ ದಾಟಿಸಿ ತಂದು ಇಂಟರ್ನೆಟ್ ಕಂಪನಿಗೆ ಕಟ್ಟಿದ ಪುಣ್ಯಾತ್ಮ ಇವರೊಬ್ಬರೇ ಇರಬೇಕು. ನಾನು ಮೈಸೂರಿನವಳು, ನಮ್ಮ ಕಡೆ ಎಲ್ಲ ಮಗನಿಗೆ. ಎತ್ತ ತಿರುಗಿದರೂ ಮಗಳ ಕೈಗೆ ಆರತಿ ತಟ್ಟೆಯೇ. ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಅನ್ನುತ್ತಾರೆ. ಭುವನ್ ಹಾವೇನಲ್ಲ, ಪಾಪ. ಕೇಳದೆ ಬಂದ ಹೊರೆಯನ್ನು ಯಾರು ತಾನೆ ಬಹಳ ದಿನ ಹೊರುತ್ತಾರೆ? ಮೆಲ್ಬರ್ನ್‌ನ ದೊಡ್ಡ ಕಂಪನಿಯೊಂದು ಕೇಳಿತು, ಮಾರಿಬಿಟ್ಟ. ನಾರ್ವೆಸ್ಟ್ ಆಫೀಸು ಮುಚ್ಚಿತು. ಕೊಂಡವರಿಗೆ ಹಳೆಯ ಗಿರಾಕಿಗಳ ಫೋನ್ ಎತ್ತಲು ಅವರನ್ನು ಬಲ್ಲವರು ಬೇಕಾಗಿತ್ತು. ಶ್ರದ್ಧಾಳನ್ನು ಕರೆದರು.

“ನಮ್ಮದೇ ಕಂಪನಿಯಲ್ಲಿ ಹೋಗಿ ಫೋನ್ ಎತ್ತುವುದಾ ನೀನು?” ಎಂದು ಕೃಷ್ಣಪ್ಪನವರು ಕಿರುಚಿದರಂತೆ.

“ಕಂಪನಿ ನಿಮ್ಮ ಅಳಿಯಂದಾಗಿತ್ತು ಪಪ್ಪ. ಕಸ್ಟಮರ್ಸ್ ನನ್ನವರು” ಎಂದು ಹೇಳಿ ಅವಳು ಮೆಲ್ಬರ್ನ್‌ಗೆ ಹೋದಳು.

ಆಮೇಲೆ ಅಮ್ಮ ಗುಣವತಿಯ ಹತ್ತಿರ ಮಾತ್ರ ಮಾತು. ಮೊಬೈಲ್ ರಿಂಗಾದರೆ ಕೃಷ್ಣಪ್ಪನವರು ಪೇಪರ್ ಓದುವವರಂತೆ ಅಲ್ಲೇ ಸುಳಿಯುತ್ತಿದ್ದರು. ಅವರು ಹತ್ತಿರ ಬಂದದ್ದು ಗೊತ್ತಾದರೆ ಆ ಕಡೆಯಿಂದ ಫೋನ್ ಕಟ್ಟಾಗುತ್ತಿತ್ತು. ಮನುಷ್ಯ ಕಣ್ಣೆದುರೇ ಕರಗಿಹೋದರು.

ಒಂದು ಮಧ್ಯಾಹ್ನ ಅವರ ಮನೆಯ ಇಂಟರ್ನೆಟ್ ಹೋಯಿತು. ಗುಣವತಿ ಅಂಗಡಿಗೆ ಹೋಗಿದ್ದರು. ಕೃಷ್ಣಪ್ಪನವರು ಕಂಪನಿಯ ನಂಬರಿಗೆ ಮಾಡಿದರೆ, ಎತ್ತಿದವಳು ಶ್ರದ್ಧಾ. ಹೆಸರು ಹೇಳಿದರು. ಅವಳು ಇಂಗ್ಲಿಷಿನಲ್ಲಿ, ವೈರ್ ತೆಗೆದು ಮತ್ತೆ ಹಾಕಿ ಸರ್, ಎಂದಳಂತೆ. ಸರ್! ನನಗೆ ಹೇಳುವಾಗ ಆ ಮಾತನ್ನು ಅವರು ಎರಡು ಸಲ ಹೇಳಿದರು. ಜನ್ಮದಲ್ಲಿ ಮೊದಲ ಸಲ ಗೋಡೆಯ ಬದಿಗೆ ಬಗ್ಗಿ, ತಡಕಾಡಿ, ವೈರ್ ತೆಗೆದು ಹಾಕಿದರು.

“ದೀಪ ಹಸಿರಾಯ್ತಾ ಸರ್?”

ಆಗಿತ್ತು. ಹೌದೆಂದರೆ ಫೋನ್ ಇಡುತ್ತಾಳೆ. “ಇಲ್ಲ” ಎಂದರು.

“ನನಗೆ ಇಲ್ಲಿ ಕಾಣ್ತಿದೆ ಸರ್. ಸರಿಯಾಗಿದೆ” ಎಂದು ಅವಳು ಇಟ್ಟುಬಿಟ್ಟಳು.

ಕೆಲವು ವಾರಗಳಾದ ಮೇಲೆ ಗುಣವತಿ ನನಗೆ ಫೋನ್ ಮಾಡಿದರು. “ದಿನಾ ಇಂಟರ್ನೆಟ್ ಹೋಗ್ತದೆ. ಇವರು ಫೋನ್ ಹಿಡಿದು ಕೂತರೆ ಊಟಕ್ಕೂ ಏಳುವುದಿಲ್ಲ. ಒಮ್ಮೆ ಬಂದು ನೋಡಿ ಆಯ್ತಾ?”

ಹೋದೆ. ಕೃಷ್ಣಪ್ಪನವರು ಮೋಡೆಮ್ ಪಕ್ಕ ನೆಲದ ಮೇಲೆ ಕೂತು ಕಿವಿಗೆ ಫೋನ್ ಒತ್ತಿಕೊಂಡಿದ್ದರು. ಅದರೊಳಗೆ ಕಾಯುವವರಿಗೆ ಹಾಕುವ ಸಂಗೀತ ಕೇಳುತ್ತಿತ್ತು. ಬೇರೆ ಯಾರೋ ಎತ್ತಿದರು. ಇವರು ಕಟ್ ಮಾಡಿ ಮತ್ತೆ ಅದೇ ನಂಬರ್ ಒತ್ತಿದರು. ನಾನು ಬಗ್ಗಿ ನೋಡಿದೆ. ವೈರ್ ಕಿತ್ತು ಪಕ್ಕಕ್ಕೆ ಬಿದ್ದಿತ್ತು. ಎತ್ತಿ ಸಿಕ್ಕಿಸಿದೆ. ದೀಪ ಹಸಿರಾಯಿತು.

ಕೃಷ್ಣಪ್ಪನವರು ಎಂದೂ ಇಲ್ಲದೆ ನನ್ನ ಕೈ ಹಿಡಿದುಕೊಂಡರು.

“ಯಾಕೆ ಹಾಕಿದಿರಿ ಅನುಸೂಯಮ್ಮ? ಸರಿಯಾದರೆ ನಾನು ಅವಳ ಹತ್ತಿರ ಎಂತ ಅಂತ ಮಾತಾಡುವುದು?”